ಮನೆವಾರ್ತೆ: ವಾರಂಟಿಯ ಚೀಟಿ ಹಿಡಿದು ಹೊರಡುವ ಮುನ್ನ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಯಲಹಂಕದ ನಮ್ಮ ಮನೆಯ ಕಂಪ್ಯೂಟರು ಮೌನವ್ರತವನ್ನು ಹಿಡಿಯಿತು. ಗುಂಡಿಯನ್ನು ಎಷ್ಟು ಒತ್ತಿದರೂ ದೀಪವಿಲ್ಲ, ಸದ್ದಿಲ್ಲ. ಕೊಂಡು ಏಳು ತಿಂಗಳಾಗಿತ್ತಷ್ಟೆ. ವಾರಂಟಿಯಿದೆಯೆಂಬ ಧೈರ್ಯದಿಂದ ಅದನ್ನು ಆಟೋರಿಕ್ಷಾದಲ್ಲಿರಿಸಿಕೊಂಡು, ಹೆಬ್ಬಾಳದ ವಾಹನಸಂದಣಿಯನ್ನು ದಾಟಿ, ದುರಸ್ತಿಯ ಅಂಗಡಿಗೆ ಒಯ್ದೆವು. ಅಲ್ಲಿ ಒಂದು ಚೀಟಿಗೆ ರುಜು ಕೇಳಿದರು. ಯಂತ್ರದೊಳಗಿನ ಕಡತಗಳು ನಷ್ಟವಾದರೆ ತಾವು ಹೊಣೆಯಲ್ಲವೆಂದು ಅದರಲ್ಲಿತ್ತು. ದಿವಂಗತರಾದ ನಮ್ಮ ತಾಯಿಯವರ ಭಾವಚಿತ್ರಗಳೂ, ಅವರು ಹಾಡಿದ ಹಾಡುಗಳೂ ಆ ಯಂತ್ರವೊಂದರಲ್ಲಿಯೇ ಇದ್ದವು. ರುಜು ಹಾಕುವಾಗ ಕೈ ನಡುಗಿತು.

ಅಲ್ಲಿಯ ತರುಣನು ತಂತಿ ಜೋಡಿಸಿ ಗುಂಡಿಯೊತ್ತಿದನು. ಯಂತ್ರವು ಸುಖವಾಗಿ ನಡೆಯಿತು! ದೋಷವಿದ್ದುದು ಮನೆಯ ಎಕ್ಸ್‌ಟೆನ್ಷನ್ ಪೆಟ್ಟಿಗೆಯಲ್ಲಿ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು; ಪರೀಕ್ಷಾ ಶುಲ್ಕವನ್ನೂ ತೆತ್ತು ಹಿಂದಿರುಗಿದೆವು. ಆ ದಿನ ಕಲಿತುದನ್ನು ವಾಚಕರಿಗೆ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಯಂತ್ರವು ನಿರ್ಜೀವವಾಗಿದ್ದರೆ, ಅದೇ ಪ್ಲಗ್ಗಿಗೆ ಮೇಜಿನ ದೀಪವನ್ನು ಹಾಕಿ ನೋಡತಕ್ಕದ್ದು. ಬಳಿಕ ಯಂತ್ರದ ತಂತಿಯನ್ನು ನೇರವಾಗಿ ಗೋಡೆಯ ಪ್ಲಗ್ಗಿಗೇ ಕೊಡತಕ್ಕದ್ದು. ಪೆಟ್ಟಿಗೆಯ ಹಿಂಬದಿಯಲ್ಲಿ ಚಿಕ್ಕ ಸ್ವಿಚ್ಚೊಂದಿದ್ದರೆ ಅದನ್ನೂ ಗಮನಿಸಬೇಕು. ಫ್ಯಾನು ತಿರುಗಿಯೂ ಪರದೆ ಕತ್ತಲಾಗಿದ್ದರೆ, ಮಾನಿಟರಿನ ಕೇಬಲ್ಲನ್ನು ಬಿಚ್ಚಿ ಬಿಗಿಯಾಗಿ ಹಾಕಿ, ಸಾಧ್ಯವಾದರೆ ನೆರೆಮನೆಯ ಕೇಬಲ್ಲೊಂದನ್ನು ತಂದು ಪರೀಕ್ಷಿಸುವುದು. ಪ್ರಿಂಟರು, ಪೆನ್‌ಡ್ರೈವು ಮೊದಲಾದ ಹೊರಗಿನ ವಸ್ತುಗಳನ್ನೆಲ್ಲ ಕಳಚಿ ಮತ್ತೆ ಪ್ರಯತ್ನಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ರೋಗವಾವುದೆಂದು ತಿಳಿಯುವುದೇ ಇಲ್ಲ.

ಯಂತ್ರವು ಬೀಪ್ ಬೀಪ್ ಎಂದರೆ ಆ ಸದ್ದುಗಳನ್ನು ಎಣಿಸಿ ಕೈಪಿಡಿಯೊಡನೆ ಹೋಲಿಸಿರಿ. ಮೆಮೊರಿಯ ಪಟ್ಟಿ ಸಡಿಲವಾಗಿರುವುದುಂಟು. ದಿನಾಂಕವು ಪದೇಪದೇ ಹಿಂದಕ್ಕೆ ಹೋದರೆ, ಒಳಗಿನ 3 ವೋಲ್ಟಿನ ಬಿಲ್ಲೆಯಾಕಾರದ ಬ್ಯಾಟರಿ ಮುಗಿದಿರಬಹುದು. ಆದರೆ ಮುಚ್ಚಳ ತೆಗೆಯುವ ಮುನ್ನ ವಾರಂಟಿಯ ನಿಬಂಧನೆಗಳನ್ನು ಓದಿರಿ; ಮೊಹರಿದ್ದರೆ ಮುಟ್ಟಬೇಡಿರಿ. ವಿದ್ಯುತ್ತಿನ ಸಪ್ಲೈ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಕೂಡದು. ಹಾರ್ಡ್‌ಡಿಸ್ಕಿನಿಂದ ಕಟಕಟ ಸದ್ದು ಬಂದರೆ ಯಂತ್ರವನ್ನು ಕೂಡಲೆ ನಿಲ್ಲಿಸುವುದು ಲೇಸು. ವಾರಂಟಿಯಿಂದ ಹೊಸ ಡಿಸ್ಕು ದೊರೆಯಬಹುದು, ಅದರೊಳಗಿದ್ದ ಚಿತ್ರಗಳು ದೊರೆಯವು.

ಇಷ್ಟಾದರೂ ದೋಷವು ನಿಜವೆಂದು ಕಂಡರೆ ಸಂಕೋಚಪಡಬೇಕಾಗಿಲ್ಲ. ಬಿಲ್ಲು, ಯಂತ್ರದ ಕ್ರಮಸಂಖ್ಯೆ, ದೋಷ ಕಂಡ ದಿನ, ಮಾಡಿ ನೋಡಿದ ಪರೀಕ್ಷೆಗಳು, ಇವನ್ನು ಬರೆದುಕೊಂಡು ಹೋಗಿರಿ; ಯಂತ್ರವನ್ನೊಪ್ಪಿಸಿದುದಕ್ಕೆ ರಸೀದಿ ಪಡೆಯಿರಿ. ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೂರಿಗೆ ಕಾರಣವುಂಟಾದ ಎರಡು ವರ್ಷಗಳೊಳಗೆ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು.

ಅಂದು ಸಂಜೆ ಮನೆ ಸೇರಿದೊಡನೆ ನಾವು ಮಾಡಿದ ಮೊದಲ ಕೆಲಸ ತಾಯಿಯವರ ಚಿತ್ರಗಳನ್ನೂ ಹಾಡುಗಳನ್ನೂ ಬೇರೆ ಡಿಸ್ಕುಗಳಿಗೆ ಇಳಿಸಿದುದು. ಒಂದು ಪ್ರತಿಯು ನಮ್ಮ ಬೀರುವಿನಲ್ಲಿದೆ. ಇನ್ನೊಂದು ಯಶವಂತಪುರದ ತಂಗಿಯ ಮನೆಯಲ್ಲಿದೆ. ಎಕ್ಸ್‌ಟೆನ್ಷನ್ ಪೆಟ್ಟಿಗೆಯನ್ನು ಮರುದಿನ ಕೊಂಡೆವು.