ಹಾಡಿನ ಪಹಣಿ ಯಾರ ಹೆಸರಲ್ಲಿ?

ಒಂದು ಕೋಟಿ ಇಪ್ಪತ್ತು ಲಕ್ಷ! ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ ಎರಡನೆಯ ಆಲ್ಬಂ ಅಮೆರಿಕ ಒಂದರಲ್ಲೇ ಇಷ್ಟು ಮಾರಿದೆ ಅಂತ 1999ರಲ್ಲಿ ಪ್ರಮಾಣಪತ್ರ ಪಡೆಯಿತು. 1969ರ ಅಕ್ಟೋಬರಿನಲ್ಲಿ ಹೊರಬಂದ ಈ ಪ್ಲೇಟು ಆ ವರ್ಷದ ಕೊನೆಗೆ ಬೀಟಲ್ಸ್ ತಂಡದ 'ಅಬ್ಬೆ ರೋಡ್' ಅನ್ನೇ ಮೊದಲ ಸ್ಥಾನದಿಂದ ಕೆಳಗಿಳಿಸಿತ್ತು. ನಾಲ್ವರು ಬಿಳಿ ಹುಡುಗರ ಪ್ರತಿಭೆಯ ದಿಗ್ವಿಜಯ ಅಂತ ಹೊಗಳುವವರು ಹೊಗಳಲಿ. ಜಿಮ್ಮಿ ಪೇಜ್‌ನ ಗಿಟಾರು, ಬಾನಮ್‌ನ ಡ್ರಮ್ಮು ಸುಳ್ಳಲ್ಲ. ಆದರೆ ಗೆಳೆಯರೆ, ಆ ಪ್ಲೇಟಿನ ಮೊದಲ ಹಾಡು 'ಹೋಲ್ ಲಾಟಾ ಲವ್', ಅದರ ಮಾತು ಯಾರದು?

ವಿಲ್ಲಿ ಡಿಕ್ಸನ್ ಅಂತ ಒಬ್ಬ ಕಪ್ಪು ಕವಿ. ಹುಟ್ಟಿದ್ದು 1915ರಲ್ಲಿ, ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ. ಮೀಸೆ ಮೂಡುವ ಮೊದಲೇ ಜೈಲಿನ ಹೊಲದಲ್ಲಿ ಬೆವರು ಸುರಿಸಿದವನು. ಎರಡನೆಯ ಮಹಾಯುದ್ಧಕ್ಕೆ ಕರೆದಾಗ, ನನ್ನ ಜನರನ್ನು ತುಳಿಯುವ ದೇಶಕ್ಕಾಗಿ ಕಾದಾಡಲಾರೆ ಅಂತ ಮತ್ತೆ ಜೈಲು ಕಂಡವನು. ಹತ್ತಿ ಹೊಲದ ಕೂಲಿಗಳ ನೋವಿನಲ್ಲಿ ಹುಟ್ಟಿದ ಬ್ಲೂಸ್ ಅವನ ಉಸಿರು. ಷಿಕಾಗೋದ ಚೆಸ್ ಕಂಪನಿಗೆ ಹಾಡು ಕಟ್ಟಿಕೊಟ್ಟ. ಅವನ 'ಯು ನೀಡ್ ಲವ್' ಅನ್ನು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ. ಏಳು ವರ್ಷದ ಮೇಲೆ ಅದರ ಸಾಲುಗಳೇ ಬಿಳಿಯರ ಪ್ಲೇಟಿಗೆ ಬಂದವು. ಕೆಳಗೆ ತಂಡದ ನಾಲ್ವರ ಹೆಸರು. ಡಿಕ್ಸನ್ನನದಿಲ್ಲ.

"ಬ್ಲೂಸ್ ಅಂದ್ರೆ ಬಾಯಿಂದ ಬಾಯಿಗೆ ಹರಿಯೋ ಹಾಡು ಕಣ್ರೀ, ಅದಕ್ಕೆ ಯಾರು ಒಡೆಯ?" ಅಂತಾರೆ. ಸರಿ ಸ್ವಾಮಿ, ಒಡೆಯನೇ ಇಲ್ಲದ ಮೇಲೆ ನೀವ್ಯಾಕೆ ನಿಮ್ಮ ಹೆಸರು ಬರಕೊಂಡ್ರಿ? ಹಾಡಿನ ಕೆಳಗಿನ ಹೆಸರು ಅಂದರೆ ಪಹಣಿ. ಪ್ಲೇಟು ಮಾರಿದಾಗ, ರೇಡಿಯೋದಲ್ಲಿ ಮೊಳಗಿದಾಗ, ಕಾಸು ಹೋಗೋದು ಆ ಹೆಸರಿಗೆ. ಇನ್ನೊಬ್ಬನ ಹಾಡು ಎತ್ತಿಕೊಂಡು ಹಾಡಿದ್ದು ತಪ್ಪಲ್ಲ, ಹಾಡು ಬದುಕೋದೇ ಹಾಗೆ. ಖಾತೆ ಬದಲಾಯಿಸಿಕೊಂಡದ್ದು ತಪ್ಪು.

ಗೊತ್ತಿಲ್ಲದೆ ಆಯಿತೆ? ಅದೇ 1969ರ ಜನವರಿಯಲ್ಲಿ ಬಂದ ಈ ತಂಡದ ಮೊದಲ ಆಲ್ಬಮ್ಮಿನಲ್ಲಿ ಡಿಕ್ಸನ್ನನ ಎರಡು ಹಾಡಿವೆ, ಅವನ ಹೆಸರಿನ ಸಮೇತ! ಜನವರಿಯಲ್ಲಿ ನೆನಪಿದ್ದ ಹೆಸರು ಅಕ್ಟೋಬರಿಗೆ ಮರೆತುಹೋಯಿತು. ಯಶಸ್ಸು ಬಂದಾಗ ಮಾತ್ರ ಸಿಕ್ಕಿಬೀಳ್ತೀವಿ, ಆಟವೇ ಹಾಗೆ ಅಂತ ಗಾಯಕ ಪ್ಲಾಂಟ್ ಆಮೇಲೆ ಹೇಳಿದ. ಆಟವಂತೆ!

ಅದೇ ಪ್ಲೇಟಿನ 'ಬ್ರಿಂಗ್ ಇಟ್ ಆನ್ ಹೋಮ್'ನಲ್ಲೂ ಡಿಕ್ಸನ್ನನ ಸಾಲುಗಳೇ. 'ಲೆಮನ್ ಸಾಂಗ್' ಕಟ್ಟಿದ್ದು ಹೌಲಿನ್ ವುಲ್ಫ್‌ನ 'ಕಿಲ್ಲಿಂಗ್ ಫ್ಲೋರ್' ಮೇಲೆ. ಇವಕ್ಕಾಗಿ 1972ರಲ್ಲಿ ದಾವೆ ಹೂಡಿದ್ದು ಹಾಡು ಕಟ್ಟಿದವರಲ್ಲ, ಹಕ್ಕು ಕೈಲಿಟ್ಟುಕೊಂಡಿದ್ದ ಆರ್ಕ್ ಮ್ಯೂಸಿಕ್ ಕಂಪನಿ. ಆ ಕಂಪನಿ ಮೇಲೂ ಡಿಕ್ಸನ್, ಮಡ್ಡಿ ವಾಟರ್ಸ್ ತಮ್ಮ ಪಾಲಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಕದ್ದವರು ಒಂದು ಕಡೆ, ಕಾವಲಿಗಿದ್ದವರು ಇನ್ನೊಂದು ಕಡೆ.

'ಹೋಲ್ ಲಾಟಾ ಲವ್'ಗಾಗಿ ಡಿಕ್ಸನ್ ದಾವೆ ಹೂಡಿದ್ದು 1985ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ. 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಈಗ ನಾಲ್ವರ ಜೊತೆ ಅವನ ಹೆಸರೂ ಇದೆ. ಅವನ ಹಾಡಿಗೆ ಮೊದಲು ದನಿ ಕೊಟ್ಟ ಮಡ್ಡಿ ವಾಟರ್ಸ್ 1983ರಲ್ಲೇ ಮಣ್ಣು ಸೇರಿದ್ದ.