ಜೀವಕೋಶಗಳ ಓಲೆ

ಮಾತೆಂದರೆ ನಾಲಿಗೆಯಿಂದ ಹೊರಟು ಕಿವಿಯನ್ನು ಮುಟ್ಟುವ ಶಬ್ದವೆಂದು ನಾವು ತಿಳಿದಿರುತ್ತೇವೆ. ಆದರೆ ನಾಲಿಗೆ-ಕಿವಿಗಳೆರಡೂ ಇಲ್ಲದ ಜೀವಕೋಶಗಳೂ ಪರಸ್ಪರ ಸಂದೇಶ ಕಳುಹಿಸಿಕೊಳ್ಳುತ್ತವೆ. ಅವುಗಳ ಓಲೆಯೆಂದರೆ ರಾಸಾಯನಿಕ ಅಣು. ಒಂದು ಕೋಶವು ಅದನ್ನು ಹೊರಗೆ ಬಿಡುತ್ತದೆ. ಬೀಗವು ತನ್ನ ಕೀಲಿಯನ್ನು ಗುರುತಿಸುವಂತೆ ಮತ್ತೊಂದು ಕೋಶದ ಗ್ರಾಹಕವು ಅದನ್ನು ಗುರುತಿಸುತ್ತದೆ. ಒಡನೆಯೇ ಆ ಕೋಶವು ತನ್ನ ಕೆಲಸಕ್ಕೆ ತೊಡಗುತ್ತದೆ. ಕಳುಹಿಸುವವರು, ಓಲೆ, ಓದಿಕೊಳ್ಳುವವರು - ಈ ಮೂವರಲ್ಲಿ ಒಬ್ಬರು ತಪ್ಪಿದರೂ ವ್ಯವಹಾರ ಕೆಡುತ್ತದೆ.

ಮೊದಲು ಸೂಕ್ಷ್ಮಜೀವಿಗಳನ್ನು ನೋಡೋಣ. ಹವಾಯಿ ದ್ವೀಪಗಳ ಕಡಲಿನಲ್ಲಿರುವ ಒಂದು ಪುಟ್ಟ ಸ್ಕ್ವಿಡ್‌ನ ಒಡಲಲ್ಲಿ ವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಗಳು ನೆಲೆಸಿ ಬೆಳಕು ಬೀರುತ್ತವೆ. ಅವು ವಿರಳವಾಗಿದ್ದಾಗ ಬೆಳಗುವುದಿಲ್ಲ. ಪ್ರತಿಯೊಂದೂ ಸಣ್ಣದೊಂದು ಅಣುವನ್ನು ಹೊರಸೂಸುತ್ತಿರುತ್ತದೆ. ಸಂಖ್ಯೆ ಹೆಚ್ಚಿ ಆ ಅಣು ದಟ್ಟವಾದಾಗ ಎಲ್ಲವೂ ಕೂಡಿ ಬೆಳಗುತ್ತವೆ. ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು ಈ ಬಗೆಯ ಬ್ಯಾಕ್ಟೀರಿಯಗಳ ನಡವಳಿಕೆಯನ್ನು 1970ರಲ್ಲಿ ವಿವರಿಸಿದರು.

ಸಸ್ಯಗಳ ಓಲೆಯನ್ನು ನಮ್ಮ ತಾಯಂದಿರು ಅಡಿಗೆಮನೆಯಲ್ಲಿಯೇ ಬಳಸುತ್ತ ಬಂದಿದ್ದಾರೆ. ಮಾಗಿದ ಬಾಳೆಹಣ್ಣನ್ನು ಕಾಯಿಗಳೊಡನೆ ಮುಚ್ಚಿಟ್ಟರೆ ಅವು ಬೇಗ ಹಣ್ಣಾಗುತ್ತವೆ. ಹಣ್ಣು ಹೊರಸೂಸುವ ಎಥಿಲೀನ್ ಅನಿಲವೇ ಇದಕ್ಕೆ ಕಾರಣ. ಹಣ್ಣುಗಳೇ ಈ ಅನಿಲವನ್ನು ಉತ್ಪಾದಿಸುತ್ತವೆಂಬುದನ್ನು ರಿಚರ್ಡ್ ಗೇನ್ 1934ರಲ್ಲಿ ತೋರಿಸಿಕೊಟ್ಟರು. ಈ ಓಲೆಗೆ ಕಳ್ಳ ಓಲೆಯೂ ಉಂಟು. ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಗುಲಿದಾಗ ಹೊರಡುವ ಅಸಿಟಿಲೀನ್ ಅನಿಲವು ಎಥಿಲೀನಿನಂತೆ ನಟಿಸಿ ಕಾಯಿಯನ್ನು ವಂಚಿಸುತ್ತದೆ. ಕಾರ್ಬೈಡ್‌ನಲ್ಲಿ ಆರ್ಸೆನಿಕ್‌ನಂತಹ ವಿಷದ ಅಂಶಗಳೂ ಇರಬಹುದಾದ್ದರಿಂದ ನಮ್ಮ ದೇಶದಲ್ಲಿ ಅದರಿಂದ ಹಣ್ಣು ಮಾಗಿಸುವುದು ನಿಷಿದ್ಧ.

ಇನ್ನು ನಮ್ಮ ದೇಹದ ವಿಷಯ. ಊಟವಾದ ಬಳಿಕ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಓಲೆಯನ್ನು ಕಳುಹಿಸುತ್ತದೆ. ಸ್ನಾಯು ಮೊದಲಾದವುಗಳ ಕೋಶಗಳು ಅದನ್ನು ಓದಿ ಸಕ್ಕರೆಯನ್ನು ಒಳಗೆ ಕರೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಯೆಂದು ಒಂದೇ ಹೆಸರಿನಿಂದ ನಾವು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಹೆಚ್ಚಾಗಿ ಮಕ್ಕಳಲ್ಲಿ, ತರುಣರಲ್ಲಿ ತೋರುವ ಮೊದಲ ಬಗೆಯಲ್ಲಿ ಓಲೆ ಬರೆಯುವ ಕೋಶಗಳೇ ನಾಶವಾಗಿರುತ್ತವೆ. ದೊಡ್ಡವರಲ್ಲಿ ಸಾಮಾನ್ಯವಾದ ಎರಡನೆಯದರಲ್ಲಿ ಓಲೆ ಬರುತ್ತಿದ್ದರೂ ಕಿವುಡನ ಮುಂದೆ ಕಿನ್ನರಿ ನುಡಿಸಿದಂತೆ ಕೋಶಗಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ.

ಈ ಭೇದವನ್ನು ಪ್ರತಿ ಮನೆಯವರೂ ಅರಿಯಬೇಕು. ಎರಡನೆಯ ಬಗೆಯವರಿಗೆ ಮಿತಾಹಾರ, ನಿತ್ಯದ ನಡಿಗೆ ಬಹಳ ಹಿತಕರ. ದುಡಿಯುವ ಸ್ನಾಯುವು ಇನ್ಸುಲಿನ್‌ನ ಕರೆಗೆ ಕಾಯದೆಯೂ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಹಾಗೆಂದು ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿ ಬಿಡಬಾರದು. ಮೊದಲ ಬಗೆಯ ಮಗುವಿಗಾದರೋ ಇನ್ಸುಲಿನ್ ಚುಚ್ಚುಮದ್ದೇ ಜೀವಾಧಾರ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಕೊಡುವವರೆಗೆ ಇಂತಹ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಯಾರೋ ಹೇಳಿದರೆಂದು ಚುಚ್ಚುಮದ್ದನ್ನು ನಿಲ್ಲಿಸಿ ಬೇರು-ಕಷಾಯಗಳನ್ನು ನಂಬಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ ಒದಗೀತು. ನೆರೆಮನೆಯವರಿಗೆ ಗುಣ ಕಂಡ ಉಪಾಯವು ನಮ್ಮ ಮಗುವಿಗೂ ಸಲ್ಲುವುದೆಂದು ಭಾವಿಸುವ ಮುನ್ನ, ಓಲೆ ಎಲ್ಲಿ ನಿಂತಿದೆಯೆಂಬುದನ್ನು ವೈದ್ಯರಿಂದ ಕೇಳಿ ತಿಳಿಯೋಣ.