ಇಂಜಿನ್ನಿನ ಬಡಿತ: ನಿದಾನಕ್ಕೆ ನಿಧಾನವೂ ಬೇಕು

ನಮ್ಮ ವಾಚಕರಾದ ಗೃಹಸ್ಥರೊಬ್ಬರು ಈ ತಿಂಗಳು ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಅವರ ಚಿರಂಜೀವಿಯು ಉದ್ಯೋಗನಿಮಿತ್ತವಾಗಿ ಇಂಗ್ಲೆಂಡಿನಲ್ಲಿರುವನು. ಬಹುಕಾಲದ ಆಸೆಯಂತೆ ಎಂ.ಜಿ.ಬಿ. ಎಂಬ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿರುವನು. ಕೊಂಡ ಎರಡನೆಯ ತಿಂಗಳಿನಲ್ಲಿಯೇ ಇಂಜಿನ್ನಿನೊಳಗಿಂದ ಬಡಿತವೊಂದು ಕೇಳಿಬರತೊಡಗಿತಂತೆ. ಮಾರಿದವನು, ಹಳೆಯ ಬಂಡಿಗಳೆಲ್ಲಾ ಹೀಗೆಯೇ, ಚಿಂತಿಸಬೇಡ ಎಂದನು. ಕಾರ್ಖಾನೆಯ ಮೇಸ್ತ್ರಿಯು, ಇಂಜಿನ್ನನ್ನೇ ಹೊರಕ್ಕೆ ತೆಗೆದು ಪೂರಾ ಬಿಚ್ಚಿ ಕಟ್ಟಬೇಕು ಎಂದನು. ಸ್ನೇಹಿತನೊಬ್ಬನಾದರೋ, ಮಂದವಾದ ಎಣ್ಣೆಯನ್ನು ಹೊಯ್ದರೆ ಶಬ್ದವಡಗುವುದು, ಅಡಗಿದೊಡನೆ ಮಾರಿಬಿಡು ಎಂದು ಬೋಧಿಸಿದನು. ಈ ಮೂವರಲ್ಲಿ ಯಾರ ಮಾತನ್ನು ನಂಬತಕ್ಕದ್ದೆಂಬುದೇ ತಂದೆಯವರ ಪ್ರಶ್ನೆ.

ಪರೀಕ್ಷೆಗೆ ಮೊದಲೇ ತೀರ್ಪು ಹೇಳಿದವರಾದುದರಿಂದ ಮೂವರನ್ನೂ ಒಡನೆಯೇ ನಂಬಲಾಗದೆಂದು ನಮ್ಮ ಉತ್ತರ. ನಮ್ಮ ವೈದ್ಯಶಾಸ್ತ್ರದಲ್ಲಿ ರೋಗವನ್ನರಿಯಲು ಐದು ಸಾಧನಗಳನ್ನು ಹೇಳಿದೆ: ರೋಗಕಾರಣವಾದ ನಿದಾನ, ಮುಂಚೂಣಿಯ ಸೂಚನೆಯಾದ ಪೂರ್ವರೂಪ, ವ್ಯಕ್ತಲಕ್ಷಣವಾದ ರೂಪ, ಏನನ್ನು ಮಾಡಿದರೆ ಬಾಧೆ ತಗ್ಗುವುದೆಂದು ನೋಡುವ ಉಪಶಯ, ರೋಗವು ಬೆಳೆಯುವ ಕ್ರಮವಾದ ಸಂಪ್ರಾಪ್ತಿ. ದೇಹಕ್ಕೆ ಹೇಳಿದ ಈ ಕ್ರಮವು ಯಂತ್ರಕ್ಕೂ ಚೆನ್ನಾಗಿ ಹೊಂದುವುದು. ಅಲ್ಪಪ್ರಾಣದ ‘ನಿದಾನ’ವೂ ಮಹಾಪ್ರಾಣದ ‘ನಿಧಾನ’ವೂ ಬೇರೆ ಬೇರೆ ಶಬ್ದಗಳೆಂದು ತರಗತಿಯಲ್ಲಿ ಹುಡುಗರಿಗೆ ಹೇಳುತ್ತಿದ್ದೆವು. ಬಳಕೆಯಲ್ಲಿ ಮಾತ್ರ ಎರಡನೆಯದಿಲ್ಲದೆ ಮೊದಲನೆಯದು ಕೈಗೂಡದು.

ಮೊದಲು ರೋಗಿಯ ಪರಿಚಯವಾಗಲಿ. ಎಂ.ಜಿ.ಬಿ. ಕಾರು ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಬಂಡಿಗಳು ಹೊರಬಂದುವು. ಇಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಗಾತ್ರ 1798 ಘನ ಸೆಂಟಿಮೀಟರು. ಕ್ರ್ಯಾಂಕ್ ಷಾಫ್ಟಿಗೆ ಆರಂಭದಲ್ಲಿ ಮೂರು ಮುಖ್ಯ ಬೇರಿಂಗುಗಳಿದ್ದುವು, 1964ರಿಂದ ಐದಾದುವು. ಇಷ್ಟು ವಯಸ್ಸಾದ ಯಂತ್ರವು ಸ್ವಲ್ಪ ಗೊಣಗುವುದು ಸಹಜವೇ. ಆದರೆ ಗೊಣಗುವುದು ಬೇರೆ, ನರಳುವುದು ಬೇರೆ.

ಹಗ್ಗವನ್ನು ಹಾವೆಂದು ಭ್ರಮಿಸದಿರುವುದು ಪರೀಕ್ಷೆಯ ಮೊದಲ ಮೆಟ್ಟಿಲು. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದು. ಅದು ಬಂಡಿಯ ಹಿಂಭಾಗದಲ್ಲಿರುವುದು. ಕೀಲಿಯನ್ನು ತಿರುಗಿಸಿದೊಡನೆ, ಇಂಜಿನ್ನು ಹೊರಡುವುದಕ್ಕೆ ಮುಂಚೆಯೇ, ಅದು ಟಿಕ್ ಟಿಕ್ ಎನ್ನುವುದು, ಅದು ರೋಗವಲ್ಲ. ಹೊಗೆಕೊಳವೆಯು ಇಂಜಿನ್ನಿಗೆ ಸೇರುವೆಡೆಯಲ್ಲಿ ಸಂದು ಬಿಟ್ಟಿದ್ದರೆ, ಹೊರನುಗ್ಗುವ ಅನಿಲವು ಲೋಹದ ಬಡಿತದಂತೆಯೇ ಕೇಳಿಸುವುದು. ಸಡಿಲವಾದ ಬೋಲ್ಟು, ಬೆಲ್ಟಿನ ಗಾಲಿಗಳೂ ಇಂಜಿನ್ನಿನ ಮೇಲೆ ಅಪವಾದ ತರಬಲ್ಲುವು. ಇವನ್ನೆಲ್ಲ ನೋಡಿಕೊಂಡ ಬಳಿಕವೇ ಒಳಗಣ ವಿಚಾರಕ್ಕಿಳಿಯತಕ್ಕದ್ದು.

ಇನ್ನು ರೂಪವನ್ನು ನೋಡುವ. ಏರಿನಲ್ಲಿ ಕಾಲನ್ನು ಬಲವಾಗಿ ಒತ್ತಿದಾಗ ತಗಡಿನ ಡಬ್ಬದಲ್ಲಿ ಹರಳುಗಳನ್ನು ಕುಲುಕಿದಂತೆ ಕೇಳಿ, ಕಾಲನ್ನು ಸಡಿಲಿಸಿದೊಡನೆ ಮಾಯವಾದರೆ, ಅದು ದಹನದೋಷ. ಕಿಡಿಯಿಂದ ಹೊತ್ತಿದ ಜ್ವಾಲೆಯು ತಲುಪುವುದಕ್ಕೆ ಮೊದಲೇ, ಮೂಲೆಯಲ್ಲುಳಿದ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ತಾನೇ ಸಿಡಿಯುವುದರಿಂದ ಈ ಶಬ್ದವುಂಟಾಗುವುದು. ಕಿಡಿಯ ಕಾಲವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಉತ್ತಮ ಆಕ್ಟೇನಿನ ಪೆಟ್ರೋಲನ್ನು ಹಾಕಿ, ಇಂಜಿನ್ನು ಅತಿಯಾಗಿ ಕಾಯುತ್ತಿದೆಯೇ ಎಂದು ನೋಡಿದರೆ ಬಹುಮಟ್ಟಿಗೆ ಪರಿಹಾರ ದೊರೆಯುವುದು.

ಮೇಲ್ಭಾಗದಿಂದ ಹೊಲಿಗೆಯಂತ್ರದ ಸದ್ದಿನಂತೆ ಹಗುರವಾಗಿ ಕೇಳಿದರೆ ಅದು ಟ್ಯಾಪೆಟ್ಟು. ಕ್ರ್ಯಾಂಕ್ ಷಾಫ್ಟು ಎರಡು ಸುತ್ತು ಬರುವಷ್ಟರಲ್ಲಿ ಒಂದೊಂದು ವಾಲ್ವೂ ಒಂದೇ ಸಲ ತೆರೆಯುವುದಾದುದರಿಂದ ಇದರ ತಾಳವು ಇಂಜಿನ್ನಿನ ವೇಗದ ಅರ್ಧದಷ್ಟು. ತಣ್ಣಗಿರುವಾಗ ಇಲ್ಲಿ ಸಾಮಾನ್ಯವಾಗಿ ಇರತಕ್ಕ ಸಂದು 0.015 ಅಂಗುಲ. ಅದನ್ನು ಸರಿಪಡಿಸಲು ಮೇಸ್ತ್ರಿಗಳು ಬಳಸುವ ಲೆಕ್ಕವೊಂದು ಸೊಗಸಾಗಿದೆ: ವಾಲ್ವುಗಳು ಎಂಟು, 8ನೆಯದು ಪೂರ್ಣ ತೆರೆದಿರುವಾಗ 1ನೆಯದನ್ನು ಅಳೆಯಬೇಕು, 6ನೆಯದು ತೆರೆದಿರುವಾಗ 3ನೆಯದನ್ನು, ಎರಡರ ಮೊತ್ತವು ಯಾವಾಗಲೂ 9.

ತಣ್ಣಗಿರುವಾಗ ಕೇಳಿ, ಕಾದ ಬಳಿಕ ತಗ್ಗುವ ಟೊಳ್ಳು ಸದ್ದು ಸವೆದ ಪಿಸ್ಟನ್ನಿನದು. ಅಲ್ಯುಮಿನಿಯಮ್ಮಿನ ಪಿಸ್ಟನ್ನು ಕಾದಾಗ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚಾಗಿ ಹಿಗ್ಗಿ ಸಂದನ್ನು ತುಂಬಿಕೊಳ್ಳುವುದೇ ಇದಕ್ಕೆ ಕಾರಣ. ಇದಕ್ಕೆ ವಿಪರೀತವಾಗಿ, ಕಾದಷ್ಟೂ ಬಲಿಯುವ ಭಾರವಾದ ಬಡಿತವೇ ಭಯಂಕರವಾದುದು. ಅದು ಕನೆಕ್ಟಿಂಗ್ ರಾಡಿನ ಕೆಳತುದಿಯ, ಬಿಗ್ ಎಂಡ್ ಎನ್ನುವ ಬೇರಿಂಗಿನದಾಗಿರಬಹುದು. ಇನ್ನೂ ಆಳದಿಂದ ಮಂದ್ರವಾಗಿ ಕೇಳಿದರೆ ಮುಖ್ಯ ಬೇರಿಂಗಿನದಾಗಿರಬಹುದು. ಕಾದಾಗ ಎಣ್ಣೆಯು ತೆಳುವಾಗುವುದರಿಂದ ಇವುಗಳ ದೋಷವು ಆಗಲೇ ಬಯಲಾಗುವುದು.

ಉಪಶಯಕ್ಕೆ ಬರುವ. 1816ರಲ್ಲಿ ಫ್ರಾನ್ಸಿನ ವೈದ್ಯ ಲಾಯೆನ್ನೆಕನು ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಯ ಸದ್ದನ್ನು ಕೇಳಿದನು; ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಉದ್ದವಾದ ಕೋಲಿನ ಒಂದು ತುದಿಯನ್ನು ಇಂಜಿನ್ನಿಗಿಟ್ಟು ಇನ್ನೊಂದನ್ನು ಕಿವಿಗಿಟ್ಟರೆ ಯಂತ್ರಕ್ಕೂ ಅದೇ ಉಪಾಯ. ಸದ್ದು ಎಲ್ಲಿ ಅತ್ಯಂತ ಸ್ಪಷ್ಟವೋ ಅಲ್ಲಿಯೇ ರೋಗಸ್ಥಾನವಿರುವ ಸಂಭವ ಹೆಚ್ಚು. ಉತ್ತರೀಯ, ಕೂದಲು, ಕೈಬಳೆಗಳು ಪಂಕದ ಸಮೀಪ ಸುಳಿಯದಂತೆ ಎಚ್ಚರವಿರಲಿ. ಬಳಿಕ ಒಂದೊಂದಾಗಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ತಪ್ಪಿಸಿ ನೋಡತಕ್ಕದ್ದು. ಯಾವ ಸಿಲಿಂಡರಿನ ದಹನವನ್ನು ನಿಲ್ಲಿಸಿದರೆ ಬಡಿತ ತಗ್ಗುವುದೋ ಆ ಸಿಲಿಂಡರಿನ ಪಿಸ್ಟನ್ನಿನಲ್ಲಿ ಅಥವಾ ಬಿಗ್ ಎಂಡಿನಲ್ಲಿ ದೋಷವಿದೆ. ಟ್ಯಾಪೆಟ್ಟಿನ ಸದ್ದು ಇದರಿಂದ ಬದಲಾಗದು. ಈ ತಂತಿಯಲ್ಲಿ ಸಾವಿರಾರು ವೋಲ್ಟುಗಳಿರುವುದರಿಂದಲೂ, ಎಲೆಕ್ಟ್ರಾನಿಕ್ ಕಿಡಿಯಂತ್ರವನ್ನು ಅಳವಡಿಸಿದ್ದರೆ ಅದು ಕೆಡಬಹುದಾದುದರಿಂದಲೂ, ಈ ಪರೀಕ್ಷೆಯನ್ನು ಬಲ್ಲವರಿಂದಲೇ ಮಾಡಿಸಬೇಕು.

ಕೊನೆಯ ಸಾಕ್ಷಿ ಎಣ್ಣೆ. ಕಾದ ಇಂಜಿನ್ನು ಓಡುವಾಗ ಎಣ್ಣೆಯ ಒತ್ತಡವು ಚದರಂಗುಲಕ್ಕೆ 50ರಿಂದ 80 ಪೌಂಡು, ನಿಂತಲ್ಲಿ ತಿರುಗುವಾಗ 10ರಿಂದ 25 ಪೌಂಡು ಇರತಕ್ಕದ್ದು. ಹಳೆಯ ಮಾಪಕವು ಸುಳ್ಳು ಹೇಳಬಹುದು. ಆದುದರಿಂದ ಬೇರೊಂದು ಮಾಪಕದಿಂದ ತಾಳೆನೋಡಬೇಕು. ಬಳಿಕ ಎಣ್ಣೆಯನ್ನು ಶುಭ್ರವಾದ ಬೋಗುಣಿಗೆ ಬಸಿದು, ಫಿಲ್ಟರನ್ನು ಬಿಡಿಸಿ ನೋಡಿರಿ. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನದು ಅಥವಾ ಕಬ್ಬಿಣದ್ದು. ಅಂಟದೆ ಬೆಳ್ಳಗೆ ಅಥವಾ ತಾಮ್ರವರ್ಣವಾಗಿ ಮಿನುಗುವ ಪುಡಿ ಹೇರಳವಾಗಿದ್ದರೆ ಬೇರಿಂಗು ತಿನ್ನಲ್ಪಡುತ್ತಿರುವ ಸಂಭವವುಂಟು.

ಈಗ ಕಾಗದಕ್ಕೆ ಬರುವ. ಬಡಿತವು ತಣ್ಣಗಿರುವಾಗ ಇಲ್ಲ. ಅರ್ಧ ಗಂಟೆ ಓಡಿದ ಮೇಲೆ ಭಾರವಾಗಿ ಕೇಳುವುದು. ನಿಂತಲ್ಲಿ ತಿರುಗುವಾಗ ಮಾಪಕದ ಮುಳ್ಳು 5ಕ್ಕೆ ಇಳಿಯುವುದು. ಕೊಂಡಂದಿನಿಂದ ಅದು ದಿನೇ ದಿನೇ ಇಳಿಯುತ್ತ ಬಂದಿತ್ತು ಎಂದು ಬರೆದಿರುವರು. ಈ ಇಳಿತವೇ ಪೂರ್ವರೂಪ. ಕಾರು ಮಾರಾಟಕ್ಕೆ ಮುಂಚೆ ಕೆಲವು ವರ್ಷ ಓಡದೆ ನಿಂತಿತ್ತಂತೆ. ಅದೂ, ಹಳೆಯ ಎಣ್ಣೆಯೂ ನಿದಾನವಾಗಿರಬಹುದು. ಸಂದೇಹವು ಬಿಗ್ ಎಂಡಿನ ಮೇಲೆಯೇ ಬಲವಾಗಿದೆ. ಇದರ ಸಂಪ್ರಾಪ್ತಿಯನ್ನು ಕೇಳಿರಿ. ಅಂಗುಲದ ಸಾವಿರದ ಒಂದೆರಡು ಪಾಲಿನಷ್ಟು ಸಂದಿನಲ್ಲಿ ಎಣ್ಣೆಯ ಪೊರೆಯು ಲೋಹವನ್ನು ಲೋಹದಿಂದ ಬೇರ್ಪಡಿಸಿರುವುದು. ಸಂದು ಹಿಗ್ಗಿದರೆ ಎಣ್ಣೆ ಸೋರುವುದು, ಒತ್ತಡವಿಳಿಯುವುದು, ಪೊರೆ ಹರಿಯುವುದು, ಲೋಹವು ಲೋಹವನ್ನು ಹೊಡೆಯುವುದು. ಕಡೆಗೆ ರಾಡು ಮುರಿದು ಇಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರಬಹುದು. ಆದಕಾರಣ ಇಂದಿನಿಂದ ಆ ಕಾರನ್ನು ಓಡಿಸದೆ, ಬೇರೊಂದು ಬಂಡಿಯ ಮೇಲೆ ಹೇರಿಸಿ ಕಾರ್ಖಾನೆಗೆ ಸಾಗಿಸಲಿ. ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿಸಿ, ಸಂದೇಹವು ದೃಢವಾದರೆ ಕೆಳಗಣ ಎಣ್ಣೆತೊಟ್ಟಿಯನ್ನು ಬಿಚ್ಚಿಸಲಿ. ಬೇರಿಂಗಿನ ಚಿಪ್ಪು ಮಾತ್ರ ಸವೆದು, ಕ್ರ್ಯಾಂಕ್ ಷಾಫ್ಟು ನುಣುಪಾಗಿಯೂ ಅಳತೆಗೆ ಸರಿಯಾಗಿಯೂ ಇದ್ದರೆ ಹೊಸ ಚಿಪ್ಪುಗಳಿಂದ ಕೆಲಸ ಮುಗಿಯಬಹುದು. ಷಾಫ್ಟಿನ ಮೇಲೆ ಗೀರುಗಳಿದ್ದರೆ ಮಾತ್ರ ಅದನ್ನು ಹೊರತೆಗೆದು ಅರೆಯಿಸಿ, ಅದಕ್ಕೆ ತಕ್ಕ ಅಳತೆಯ ಚಿಪ್ಪುಗಳನ್ನು ಹಾಕಿಸಬೇಕು. ಮೇಸ್ತ್ರಿಯ ಮಾತು ನಿಜವಾಗುವುದು ಆಗ, ಅದಕ್ಕೆ ಮುಂಚೆಯಲ್ಲ.

ಸ್ನೇಹಿತನ ಮಾತೊಂದು ಉಳಿಯಿತು. ಮಂದವಾದ ಎಣ್ಣೆಯಿಂದ ಸದ್ದು ಅಡಗಬಹುದು, ಮುಳ್ಳೂ ಮೇಲೇರಬಹುದು. ಸವೆದ ಲೋಹ ಮಾತ್ರ ಬೆಳೆಯದು. ಸದ್ದಡಗಿಸುವುದನ್ನೇ ಗೆಲುವೆಂದು ತಿಳಿದ ದೊಡ್ಡ ದೃಷ್ಟಾಂತವೊಂದು ಇದೇ ಯಂತ್ರದ ಚರಿತ್ರೆಯಲ್ಲಿದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿಯು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ದಹನದ ಬಡಿತ ನಿಲ್ಲುವುದೆಂದು ಕಂಡುಹಿಡಿದನು. ಇಂಜಿನ್ನುಗಳು ಶಾಂತವಾದುವು, ಸೀಸದ ವಿಷವು ಗಾಳಿಯೊಡನೆ ಮಕ್ಕಳ ದೇಹವನ್ನು ಸೇರಿತು. ಭಾರತದಲ್ಲಿ 2000ದಲ್ಲಿ ಅದು ನಿಂತಿತು. ಕಾರುಗಳ ಪೆಟ್ರೋಲಿನಲ್ಲಿ ಕಟ್ಟಕಡೆಯದಾಗಿ ಅದನ್ನು ನಿಲ್ಲಿಸಿದ ದೇಶ ಅಲ್ಜೀರಿಯ, 2021ರಲ್ಲಿ.

ಮೌನವಾಗಿಸಿದ ಇಂಜಿನ್ನನ್ನು ಮಾರುವುದೆಂದರೆ ಬಂಡಿಯೊಡನೆ ರೋಗವನ್ನೂ ಗುಟ್ಟಾಗಿ ದಾಟಿಸುವುದಾಗಿದೆ. ಕೊಳ್ಳುವವನು ಹೆಂಡತಿಮಕ್ಕಳೊಡನೆ ಹೆದ್ದಾರಿಯಲ್ಲಿ ವೇಗವಾಗಿ ಹೋಗುತ್ತಿರುವಾಗ ಆ ಇಂಜಿನ್ನು ಒಡೆದರೆ ಆಗುವ ಪಾಪದ ಭಾಗಿ ಯಾರು? ಮಾರಲೇಬೇಕಾದರೆ ದೋಷವನ್ನು ಹೇಳಿ, ಬೆಲೆಯನ್ನಿಳಿಸಿ ಮಾರಬೇಕು. ಹಣ ಕೊಂಚ ನಷ್ಟವಾದೀತು. ಗೃಹಸ್ಥನಿಗೆ ನಿದ್ರೆ ನಷ್ಟವಾಗದು.